‘ಸ್ಯಾಂಪ್ಲರ್’ಗೆ ಕನ್ನಡದಲ್ಲಿ ಏನನ್ನೋಣ? ಹಾಗೇ ‘ರಿಟ್ರೀಟ್’ಗೂ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಮೈಸೂರಿನಲ್ಲಿ ಮೂರು ದಿನ ಕೂತು ಕ್ರಾಸ್ ಸ್ಟಿಚ್ ಕಲಿತು ಬಂದೆ. ಕಲಿತದ್ದಕ್ಕಿಂತ ತಲೆಗೆ ಹುಳ ಬಿಟ್ಟುಕೊಂಡು ಬಂದದ್ದೇ ಜಾಸ್ತಿ. ಅದನ್ನು ನಿಮ್ಮ ತಲೆಗೂ ಬಿಡೋಣ ಅಂತ ಬರೆಯುತ್ತಿದ್ದೇನೆ.

ಶುರುವಾದದ್ದು ಆಹ್ವಾನದಿಂದ. ವಾಟ್ಸಾಪಿಗೆ ಬಂದ ಕನ್ನಡ ಆಹ್ವಾನದಲ್ಲಿ ‘ಸೂಜಿ ಕೆಲಸದ ಹಿಮ್ಮೆಟ್ಟುವಿಕೆ’ ಅಂತ ಇತ್ತು. ಅದರ ಕೆಳಗೆ ‘ಅಡ್ಡ ಹೊಲಿಗೆ ಮಾದರಿಗಾರ ತರಗತಿಗಳು’. ಯಾವ ಸೈನ್ಯ ಸೂಜಿ ಬಿಸಾಕಿ ಓಡಿತೋ ಅಂತ ಮನೆಯವರೆಲ್ಲ ನಕ್ಕೆವು. ‘ರಿಟ್ರೀಟ್’, ‘ಕ್ರಾಸ್ ಸ್ಟಿಚ್ ಸ್ಯಾಂಪ್ಲರ್’ ಅನ್ನುವುದರ ಯಂತ್ರದ ಅನುವಾದ, ಬಿಡಿ. ಆದರೆ ನಕ್ಕು ಮುಗಿದ ಮೇಲೆ, ‘ಸರಿ, ನೀನಾದರೆ ಏನು ಬರೀತಿದ್ದೆ?’ ಅಂತ ಮಗಳು ಕೇಳಿದಳು. ನನ್ನ ಹತ್ತಿರವೂ ಪದ ಇರಲಿಲ್ಲ.

‘ಶಿಬಿರ’ ಅನ್ನಬಹುದಿತ್ತು. ತಮಾಷೆ ಅಂದರೆ ಸಂಸ್ಕೃತದಲ್ಲಿ ಅದೂ ದಂಡು ಬೀಡುಬಿಡುವ ಜಾಗವೇ. ಸೈನ್ಯ ನಮ್ಮನ್ನು ಬಿಡುವ ಹಾಗೆ ಕಾಣಲಿಲ್ಲ. ಅದೂ ಅಲ್ಲದೆ ಶಿಬಿರ ಅಂದರೆ ರಕ್ತದಾನ, ಕಣ್ಣು ತಪಾಸಣೆ, ಎನ್‌ಎಸ್‌ಎಸ್. ಬ್ಯಾನರು, ಮೈಕು, ಉದ್ಘಾಟನೆ ಎಲ್ಲ ಬೇಕು. ‘ಕಮ್ಮಟ’ ನನಗೆ ಇಷ್ಟ. ಹಿಂದೆ ಅದು ನಾಣ್ಯ ಅಚ್ಚುಹಾಕುವ ಟಂಕಸಾಲೆ. ಈಗ ಕವಿತೆ, ಕಥೆಯವರು ಅದನ್ನು ಪೂರ್ತಿ ತಮ್ಮದು ಮಾಡಿಕೊಂಡಿದ್ದಾರೆ. ನಾಲ್ಕು ದಿನ ಮನೆ ಬಿಟ್ಟು, ಒಂದು ಕಡೆ ಇಳಿದುಕೊಂಡು, ಊಟ ತಿಂಡಿಯ ಚಿಂತೆ ಇಲ್ಲದೆ ಇರುವ ಸುಖ ನಮ್ಮ ಕಡೆಯ ಯಾವ ಪದದಲ್ಲಿದೆ ಅಂತ ಹುಡುಕಿದರೆ ಸಿಕ್ಕಿದ್ದು ‘ಬಿಡದಿ’. ಮದುವೆಗೆ ಬಂದ ಗಂಡಿನ ಕಡೆಯವರನ್ನು ಇಳಿಸುವ ಮನೆ. ‘ಸೂಜಿ ಬಿಡದಿ’ ಅಂತ ಮಗಳಿಗೆ ಹೇಳಿದೆ. ‘ತಟ್ಟೆ ಇಡ್ಲಿ ಕೊಡ್ತಾರಾ?’ ಅಂದಳು. ಮಂಡ್ಯದಿಂದ ಬೆಂಗಳೂರಿಗೆ ಓಡಾಡುವವರಿಗೆ ಆ ಪದ ಇನ್ನು ದಕ್ಕುವುದಿಲ್ಲ. ಇದಕ್ಕೆ ನೀವೇ ದಾರಿ ತೋರಿಸಿ.

ಇನ್ನು ‘ಅಡ್ಡ ಹೊಲಿಗೆ’. ಇದು ನನಗೆ ಪೂರ್ತಿ ತಪ್ಪು ಅನ್ನಿಸುತ್ತದೆ. ಅಡ್ಡ ಅಂದರೆ ಉದ್ದಕ್ಕೆ ಎದುರು. ಕ್ರಾಸ್ ಸ್ಟಿಚ್‌ನಲ್ಲಿ ಅಡ್ಡ ಗೆರೆಯೇ ಇಲ್ಲ. ಎರಡೂ ಓರೆ. ಒಂದು ಓರೆ ಹಾಕಿ ಅದರ ಮೇಲೆ ಇನ್ನೊಂದು ಓರೆ. ಮೇಲೆ ಬೀಳುವ ಕಾಲು ಬಟ್ಟೆ ತುಂಬ ಒಂದೇ ಕಡೆಗೆ ವಾಲಬೇಕು. ಒಂದು ಹೂವಿನಲ್ಲಿ ಬಲಕ್ಕೆ, ಪಕ್ಕದ್ದರಲ್ಲಿ ಎಡಕ್ಕೆ ವಾಲಿದರೆ ಬೆಳಕು ಬಿದ್ದಾಗ ಬಣ್ಣವೇ ಬೇರೆ ಕಾಣುತ್ತದೆ. ನಾನು ಮಾಡಿದ್ದೂ ಅದನ್ನೇ, ಅರ್ಧ ಗಿಣಿ ಬಿಚ್ಚಿದೆ. ಪಕ್ಕದಲ್ಲಿ ಕೂತಿದ್ದ ಮದ್ದೂರಿನ ಹುಡುಗಿ ಸಲೀಸಾಗಿ ‘ಇಂಟು ಹೊಲಿಗೆ’ ಅಂದಳು. ‘ಇಂಟು ಮಾರ್ಕ್ ಹಾಕು’ ಅಂತೀವಲ್ಲ, ಅದೇ. ಅರ್ಥ ಕೇಳಬೇಕಾಗಿಯೇ ಇಲ್ಲ.

ಆದರೆ ಈ ಹೊಲಿಗೆಗೆ ಕನ್ನಡದಲ್ಲಿ ಹೆಸರು ಮೊದಲೇ ಇದೆ. ಧಾರವಾಡದ ಕಡೆಯ ಕಸೂತಿಯಲ್ಲಿ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಈ ಮೆಂತಿಯೇ ಕ್ರಾಸ್ ಸ್ಟಿಚ್. ಮೆಂತ್ಯದ ಕಾಳಿನಿಂದ ಬಂದ ಹೆಸರು. ಗವಂತಿ, ಮುರ್ಗಿ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತವೆ, ಮೆಂತಿ ಹಾಗಲ್ಲ. ಇಲ್ಲಿ ಒಂದು ತಕರಾರು ಬರುತ್ತದೆ. ನಮ್ಮ ಮೈಸೂರು, ಮಂಡ್ಯದಲ್ಲಿ ದಾರದಿಂದ ಬಟ್ಟೆ ಮೇಲೆ ಏನು ಹಾಕಿದರೂ ‘ಕಸೂತಿ’. ಧಾರವಾಡದವರಿಗೆ ಹಾಗಲ್ಲ. ಅಚ್ಚು ಹಾಕಿಕೊಳ್ಳದೆ, ಗಂಟು ಕಟ್ಟದೆ, ಬಟ್ಟೆಯ ಎಳೆ ಎಣಿಸಿಕೊಂಡು ತೇರು, ತುಳಸಿಕಟ್ಟೆ, ಆನೆ ಮೂಡಿಸಿದರೆ ಮಾತ್ರ ಕಸೂತಿ. ಉಳಿದದ್ದು ಎಂಬ್ರಾಯ್ಡರಿ. ತರಗತಿಯಲ್ಲಿ ಹುಬ್ಬಳ್ಳಿಯವರೊಬ್ಬರಿದ್ದರು. ನಾವು ‘ಕಸೂತಿ ಕ್ಲಾಸು’ ಅಂದಾಗಲೆಲ್ಲ ಅವರ ಮುಖ ನೋಡಬೇಕಿತ್ತು. ಎಣಿಕೆ ಲೆಕ್ಕದಲ್ಲಿ ನೋಡಿದರೆ ನಾವು ಹಾಕುತ್ತಿದ್ದದ್ದು ಅವರ ಕಸೂತಿಗೆ ತೀರಾ ದೂರದ್ದೇನಲ್ಲ ಅಂತ ನನ್ನ ವಾದ.

ಎಣಿಕೆ ಅಂದೆನಲ್ಲ. ಈ ಹೊಲಿಗೆ ಹಾಕುವ ಚೌಕ ಚೌಕದ ನೇಯ್ಗೆಯ ಬಟ್ಟೆಗೆ ಐಡಾ ಅಂತಾರೆ. ದೇವರಾಜ ಮಾರುಕಟ್ಟೆ ಹತ್ತಿರದ ಫ್ಯಾನ್ಸಿ ಅಂಗಡಿಯಲ್ಲಿ ಐಡಾ ಅಂದರೆ ಕಣ್ಣು ಬಿಟ್ಟರು, ‘ಮ್ಯಾಟಿ ಬಟ್ಟೆ’ ಅಂದ ತಕ್ಷಣ ಕೊಟ್ಟರು. ಎರಡೂ ಒಂದೇ ಅಲ್ಲ, ನೇಯ್ಗೆ ಬೇರೆ, ಆದರೆ ಕೆಲಸ ನಡೆಯುತ್ತದೆ. ‘14 ಕೌಂಟ್’ ಅಂದರೆ ಅಂಗುಲಕ್ಕೆ 14 ಚೌಕ. ಕಲಿಸುವವರು ‘ಚೌಕ’ ಅನ್ನುತ್ತಿದ್ದರು. ವಯಸ್ಸಾದ ಹೆಂಗಸರೆಲ್ಲ ಯಾರೂ ಹೇಳಿಕೊಡದೆ ‘ಮನೆ’ ಅಂತಿದ್ದರು. ‘ಮೂರು ಮನೆ ಬಿಟ್ಟು ಹಸಿರು ಹಾಕಿ.’ ಚೌಕಾಬಾರದ ಮನೆ ಅದು! ಆ ಆಟದಲ್ಲೂ ಕೆಲವು ಮನೆಗೆ ಇಂಟು ಮಾರ್ಕ್ ಹಾಕಿರುತ್ತೇವೆ, ಅಲ್ಲಿ ಕೂತ ಕಾಯಿಯನ್ನು ಹೊಡೆಯುವ ಹಾಗಿಲ್ಲ. ದಾರದ ವಿಷಯದಲ್ಲೂ ಹೀಗೇ. ಆರು ಎಳೆಯ ದಾರದಲ್ಲಿ ಎರಡನ್ನು ಬಿಡಿಸಿ ಸೂಜಿಗೆ ಪೋಣಿಸಬೇಕು. ‘ಟೂ ಸ್ಟ್ರಾಂಡ್ಸ್’ ಅಂದಾಗ ಕೈ ನಿಂತವರು ‘ಎರಡೆಳೆ’ ಅಂದಾಗ ಓಡಿದರು. ಎರಡೆಳೆ ಸರ, ಎಳೆ ರಂಗೋಲಿ ಗೊತ್ತಿರುವವರಲ್ವಾ.

ಈಗ ಮುಖ್ಯ ಪ್ರಶ್ನೆ, ಸ್ಯಾಂಪ್ಲರ್. ಮಾಲು ತೋರಿಸುವ ಸ್ಯಾಂಪಲ್ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅಕ್ಷರಮಾಲೆ, ಅಂಕಿ, ಬಳ್ಳಿಯ ಅಂಚು, ಒಂದೆರಡು ಹಕ್ಕಿ, ಕೆಳಗೆ ಹಾಕಿದವಳ ಹೆಸರು, ವರ್ಷ. ಇಷ್ಟೂ ಒಂದೇ ಬಟ್ಟೆಯಲ್ಲಿ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1598ರ ಒಂದು ಇದೆ, ಜೇನ್ ಬಾಸ್ಟಕ್ ಅನ್ನುವವಳು ಹಾಕಿದ್ದು. ಮೊದಮೊದಲು ಹೆಂಗಸರು ಹೊಸ ಹೊಲಿಗೆ ಕಂಡಾಗ ಮರೆಯದಿರಲಿ ಅಂತ ಒಂದು ಬಟ್ಟೆಗೆ ಹಾಕಿ ಸುತ್ತಿಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಬಿಚ್ಚಿ ನೋಡಿಕೊಂಡು ಹಾಕುವುದು. ಆಮೇಲೆ ಅದು ಹುಡುಗಿಯರು ಅಕ್ಷರವನ್ನೂ ಹೊಲಿಗೆಯನ್ನೂ ಒಟ್ಟಿಗೆ ಕಲಿಯುವ ಶಾಲೆ ಪಾಠವಾಯಿತು. ಪದದ ಬೇರು ಲ್ಯಾಟಿನ್ನಿನ ‘ಎಕ್ಸೆಂಪ್ಲಮ್’, ಅಂದರೆ ನೋಡಿ ಅನುಸರಿಸಬೇಕಾದದ್ದು.

ಇದನ್ನು ಕೇಳಿದಾಗ ನನಗೆ ಹೊಳೆದದ್ದು ‘ಮೇಲ್ಪಂಕ್ತಿ’. ಈಗ ಅದನ್ನು ಭಾಷಣದಲ್ಲಿ ಆದರ್ಶ ಅನ್ನುವ ಅರ್ಥಕ್ಕೆ ಸವೆಸಿದ್ದೇವೆ. ಮೂಲದಲ್ಲಿ ಅದು ಕಾಪಿ ಪುಸ್ತಕದ ಮೊದಲ ಸಾಲು. ಮೇಷ್ಟ್ರು ಮೇಲೆ ಒಂದು ಸಾಲು ಬರೆದುಕೊಟ್ಟರೆ ಮಕ್ಕಳು ಕೆಳಗೆ ಅದನ್ನೇ ತಿದ್ದುವುದು. ‘ಮೇಲ್ಪಂಕ್ತಿ ಹಾಕಿಕೊಟ್ಟರು’ ಅಂತೀವಿ, ‘ಕಸೂತಿ ಹಾಕಿಕೊಟ್ಟರು’ ಅಂತಲೂ ಅಂತೀವಿ. ಕ್ರಿಯಾಪದವೂ ಕೂಡಿ ಬರುತ್ತದೆ! ‘ಮಾದರಿ’ ಇಲ್ಲಿ ಸಪ್ಪೆ. ಮಾದರಿ ಶಾಲೆ, ಮಾದರಿ ಪ್ರಶ್ನೆಪತ್ರಿಕೆ, ಎಲ್ಲಕ್ಕೂ ಅದೇ. ‘ನಮೂನೆ’ ಅಂದರೆ ತಾಲ್ಲೂಕು ಕಚೇರಿಯ ಅರ್ಜಿ ವಾಸನೆ.

ಒಂದೇ ತೊಡಕು. ಮೇಲ್ಪಂಕ್ತಿ ನೋಡಿಕೊಳ್ಳುವ ಬಟ್ಟೆಗೆ ಸರಿ. ಕಲಿಯುವವಳೇ ಹಾಕಿದ ಬಟ್ಟೆಗೆ? ಅದು ತಿದ್ದಿದ್ದು. ‘ತಿದ್ದುಬಟ್ಟೆ’ ಅನ್ನಬಹುದೇ? ಮೂರನೇ ದಿನ ನಾನು ಕನ್ನಡ ಅಕ್ಷರಮಾಲೆಯ ತಿದ್ದುಬಟ್ಟೆಗೆ ಲೆಕ್ಕ ಹಾಕಿದೆ. 49 ಅಕ್ಷರ, ಸಾಲಿಗೆ ಏಳರಂತೆ ಏಳು ಸಾಲು. ಅಕ್ಷರಕ್ಕೆ ಸಂದು ಸೇರಿ ಅಗಲ 11 ಮನೆ, ಎತ್ತರ 12. ಅಲ್ಲಿಗೆ 77ಕ್ಕೆ 84 ಮನೆ, ಅಂದರೆ ಐದೂವರೆ ಅಂಗುಲಕ್ಕೆ ಆರು ಅಂಗುಲ. ಲೆಕ್ಕ ಕೂಡಿತು, ಅಕ್ಷರ ಕೂಡಲಿಲ್ಲ. ಇಂಗ್ಲಿಷಿನ ‘ಎಚ್’ ಮನೆಗಳಲ್ಲಿ ನೆಟ್ಟಗೆ ಕೂರುತ್ತದೆ. ನಮ್ಮ ‘ಠ’ ಮೆಟ್ಟಿಲು ಮೆಟ್ಟಿಲಾಗಿ ಮಾವಿನಕಾಯಿ ಹೋಳಿನ ಹಾಗೆ ಬಂತು.

ವಾಪಸ್ ಬರುವಾಗ ಪಾಂಡವಪುರದ ಹತ್ತಿರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರ ಟ್ರಂಕಿನಲ್ಲಿ ಮ್ಯಾಟಿ ಬಟ್ಟೆಯ ತುಂಡೊಂದಿದೆ. ಎರಡು ಗಿಣಿ, ‘ಸುಸ್ವಾಗತ’, ಅರ್ಧಕ್ಕೆ ನಿಂತ ಬಳ್ಳಿ. ಶಾಲೆಯಲ್ಲಿದ್ದಾಗ ಹಾಕಿದ್ದು. ‘ಇದಕ್ಕೆ ನೀವು ಏನಂತಿದ್ರಿ ದೊಡ್ಡಮ್ಮ?’ ಅಂತ ಕೇಳಿದೆ. ‘ಅದ್ಕ್ಯಾಕವ್ವ ಹೆಸ್ರು? ಕೈ ಪಳಗ್ಲಿ ಅಂತ ಹಾಕಿದ್ದು ಕಣವ್ವ’ ಅಂದರು.

ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ‘ಕೈಪಳಗು ಬಟ್ಟೆ’? ಆಡಿ ನೋಡಿದರೆ ಸ್ವಲ್ಪ ಉದ್ದ. ತಿದ್ದುಬಟ್ಟೆಯೇ ವಾಸಿಯಾ? ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ತುಂಡು ಇರಬಹುದು. ಹಾಕಿದವರು ಇದ್ದರೆ ದಯವಿಟ್ಟು ಕೇಳಿ, ಅವರು ಹೇಳಿದ ಪದವನ್ನು ಹೇಳಿದ ಹಾಗೇ ಬರೆಯಿರಿ. ಯಾವ ಊರು ಅನ್ನುವುದನ್ನೂ ಸೇರಿಸಿ.