ಈಸ್ಟರ್ ದಿನಾಂಕದ ಕೈಲೆಕ್ಕ: 1981ಕ್ಕೆ ಏಪ್ರಿಲ್ 26 ಬರುತ್ತಿರುವುದೇಕೆ?

ಪ್ರಶ್ನೆ

ನಮಸ್ಕಾರ. ಗಣಿತಜ್ಞ ಗೌಸ್ 1800ರಲ್ಲಿ ಪ್ರಕಟಿಸಿದ ಸೂತ್ರವನ್ನು ಹಿಡಿದು ಈಸ್ಟರ್ ದಿನಾಂಕವನ್ನು ಕಾಗದದ ಮೇಲೆ ಲೆಕ್ಕ ಹಾಕುವುದನ್ನು ಕಲಿಯುತ್ತಿದ್ದೇನೆ. ಇಸವಿಯನ್ನು 19, 4 ಮತ್ತು 7ರಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನು ಕ್ರಮವಾಗಿ ಕ, ಖ, ಗ ಎಂದು ಇಟ್ಟುಕೊಳ್ಳುತ್ತೇನೆ. 19ಕ + 24 ಎಂಬುದನ್ನು 30ರಿಂದ ಭಾಗಿಸಿದ ಶೇಷ ಚ. 2ಖ + 4ಗ + 6ಚ + 5 ಎಂಬುದನ್ನು 7ರಿಂದ ಭಾಗಿಸಿದ ಶೇಷ ಜ. ಮಾರ್ಚ್ 22ಕ್ಕೆ ಚ ಮತ್ತು ಜ ಎರಡನ್ನೂ ಕೂಡಿಸಿದರೆ ಹಬ್ಬದ ದಿನ ಸಿಗಬೇಕು. 2026ಕ್ಕೆ ಕ 12, ಖ 2, ಗ 3, ಚ 12, ಜ 2 ಬಂದು, ಮಾರ್ಚ್ 36, ಅಂದರೆ ಏಪ್ರಿಲ್ 5 ಸರಿಯಾಗಿಯೇ ಸಿಕ್ಕಿತು.

ಆದರೆ ನನ್ನ ಅಣ್ಣನ ಜ್ಞಾನಸ್ನಾನದ ಪತ್ರದಲ್ಲಿ 1981ರ ಏಪ್ರಿಲ್ 19, ಪಾಸ್ಖ (ಈಸ್ಟರ್) ಭಾನುವಾರ ಎಂದು ಬರೆದಿದೆ. ನನಗೆ ಬರುತ್ತಿರುವುದು ಕ 5, ಖ 1, ಗ 0, ಚ 29, ಜ 6. ಒಟ್ಟು ಏಪ್ರಿಲ್ 26. ಮೂರು ಸಲ ಹಾಕಿ ನೋಡಿದೆ. ತಪ್ಪು ಪತ್ರದಲ್ಲಿದೆಯೋ ನನ್ನ ಲೆಕ್ಕದಲ್ಲಿದೆಯೋ ದಯವಿಟ್ಟು ತಿಳಿಸಿ.

ಉತ್ತರ 1

ಪತ್ರ ಸರಿಯಾಗಿದೆ, ನಿಮ್ಮ ಗುಣಾಕಾರ ಭಾಗಾಕಾರಗಳೂ ಸರಿಯಾಗಿವೆ. ಬಿಟ್ಟುಹೋಗಿರುವುದು ಸೂತ್ರದ ಜೊತೆಗೇ ಓದಬೇಕಾದ ಎರಡು ವಿನಾಯಿತಿಗಳು. ಈಸ್ಟರ್ ಏಪ್ರಿಲ್ 25ನ್ನು ಎಂದೂ ದಾಟುವುದಿಲ್ಲವಾದ್ದರಿಂದ 26 ಬಂದರೆ ಒಂದು ವಾರ ಹಿಂದಕ್ಕೆ ಸರಿಸಬೇಕು. ಬರಿಯ ಬಾಯಿಪಾಠ ಮಾಡುವ ಬದಲು ಇದರ ಕಾರಣವನ್ನು ತಿಳಿದುಕೊಂಡರೆ ಮರೆಯುವುದಿಲ್ಲ.

ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಚ ಎಂಬುದು ಮಾರ್ಚ್ 21ರಿಂದ ಆ ಹುಣ್ಣಿಮೆಗೆ ಇರುವ ದಿನಗಳು. ಜ ಎಂಬುದು ಹುಣ್ಣಿಮೆಯ ಮರುದಿನದಿಂದ ಭಾನುವಾರಕ್ಕೆ ಇರುವ ದಿನಗಳು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನವಾಗುವುದರಿಂದ ಹುಣ್ಣಿಮೆ ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತದೆ. 30ರ ಸುತ್ತಿನಲ್ಲಿ 11 ಹಿಂದೆ ಸರಿದರೂ 19 ಮುಂದೆ ಹೋದರೂ ಒಂದೇ ಜಾಗ, ಅದಕ್ಕಾಗಿಯೇ ಕ ಅನ್ನು 19ರಿಂದ ಗುಣಿಸುತ್ತೇವೆ.

ತೊಡಕಿರುವುದು ಆ 30ರಲ್ಲಿಯೇ. ಸೂತ್ರವು ಚ ಎಂಬುದಕ್ಕೆ 0ಯಿಂದ 29ರವರೆಗೆ ಮೂವತ್ತು ಬೆಲೆಗಳನ್ನು ಕೊಡುತ್ತದೆ, ಆದರೆ ಈಸ್ಟರ್ ಬೀಳುವ ಚಾಂದ್ರಮಾಸಕ್ಕೆ, ಹುಣ್ಣಿಮೆಗಳನ್ನು ಮೊದಲೇ ಲೆಕ್ಕ ಹಾಕಿಟ್ಟಿರುವ ಚರ್ಚಿನ ಪಟ್ಟಿಯಲ್ಲಿರುವುದು 29 ದಿನ ಮಾತ್ರ. ಆದಕಾರಣ ಚ 29 ಬಂದರೆ ಅದನ್ನು 28 ಎಂದು ಎಣಿಸಬೇಕು, ಅಂದರೆ ಹುಣ್ಣಿಮೆ ಏಪ್ರಿಲ್ 19ರ ಬದಲು 18. 1981ರ ಏಪ್ರಿಲ್ 19 ಭಾನುವಾರವೇ ಆಗಿತ್ತು. ಹುಣ್ಣಿಮೆ ಭಾನುವಾರವೇ ಬಿದ್ದರೆ ಹಬ್ಬ ಮುಂದಿನ ವಾರಕ್ಕೆ ಹೋಗುವುದು ನಿಯಮವಾದ್ದರಿಂದ ನಿಮಗೆ 26 ಬಂತು. ಹುಣ್ಣಿಮೆಯನ್ನು ಶನಿವಾರ 18ಕ್ಕೆ ತಂದೊಡನೆ ಮರುದಿನವೇ, ನಿಮ್ಮ ಅಣ್ಣನಿಗೆ ಜ್ಞಾನಸ್ನಾನವಾದ ದಿನವೇ, ಹಬ್ಬವಾಗುತ್ತದೆ. ಏಪ್ರಿಲ್ 19 ವಾರದ ಬೇರೆ ದಿನವಾದರೆ ಈ ಒಂದು ದಿನದ ವ್ಯತ್ಯಾಸದಿಂದ ಭಾನುವಾರ ಬದಲಾಗದ ಕಾರಣ ಅದು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ವಿನಾಯಿತಿ: ಚ 28, ಜ 6 ಬಂದು ಕ 10ಕ್ಕಿಂತ ಹೆಚ್ಚಾಗಿದ್ದರೆ ಏಪ್ರಿಲ್ 25ರ ಬದಲು 18 ಎನ್ನಬೇಕು. ಒಂದೇ 19 ವರ್ಷದ ಚಕ್ರದಲ್ಲಿ ಒಂದೇ ದಿನಾಂಕಕ್ಕೆ ಎರಡು ಸಲ ಹುಣ್ಣಿಮೆ ಬರಬಾರದೆಂಬುದು ಇದರ ಕಾರಣ. 1954 ಇದಕ್ಕೆ ಉದಾಹರಣೆ. 24 ಮತ್ತು 5 ಎಂಬ ಸಂಖ್ಯೆಗಳು 1900ರಿಂದ 2099ರವರೆಗೆ ಮಾತ್ರ ನಡೆಯುತ್ತವೆ. ಆ ಇನ್ನೂರು ವರ್ಷಗಳಲ್ಲಿ ವಿನಾಯಿತಿ ಬೇಕಾಗುವುದು 1954, 1981, 2049 ಮತ್ತು 2076ಕ್ಕೆ ಮಾತ್ರ.

ಉತ್ತರ 2

ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. 19 ಸೌರವರ್ಷಗಳಿಗೆ 235 ಚಾಂದ್ರಮಾಸಗಳು ಹೆಚ್ಚುಕಡಿಮೆ ಸರಿಹೊಂದುತ್ತವೆ. ವರ್ಷಕ್ಕೆ ಹನ್ನೆರಡರಂತೆ 228 ತೆಗೆದರೆ ಉಳಿಯುವ ಏಳೇ ನಮ್ಮ ಪಂಚಾಂಗದ ಏಳು ಅಧಿಕ ಮಾಸಗಳು. ಎರಡು ಲೆಕ್ಕಗಳ ಬೇರು ಒಂದೇ ಚಂದ್ರನಲ್ಲಿದೆ.

ಆದರೂ ಗೋಡೆಯ ಕ್ಯಾಲೆಂಡರಿನ ಹುಣ್ಣಿಮೆಯನ್ನು ನೋಡಿ ಈಸ್ಟರ್ ಹೇಳಲು ಹೋಗಬೇಡಿ. 2019ರಲ್ಲಿ ಹೋಳಿ ಹುಣ್ಣಿಮೆ ನಮ್ಮ ಸಮಯದಂತೆ ಮಾರ್ಚ್ 21ರ ಬೆಳಗ್ಗೆ ಪೂರ್ಣವಾಯಿತು, ಹಗಲು ರಾತ್ರಿ ಸಮವಾಗುವ ಘಳಿಗೆ ಅದಕ್ಕೂ ಕೆಲವು ಗಂಟೆ ಮೊದಲೇ ಕಳೆದಿತ್ತು. ಆಕಾಶವನ್ನು ನಂಬಿದ್ದರೆ ಮಾರ್ಚ್ 24ಕ್ಕೆ ಹಬ್ಬವಾಗಬೇಕಿತ್ತು. ಚರ್ಚಿನ ಪಟ್ಟಿಯಲ್ಲಿ ಆ ಹುಣ್ಣಿಮೆ ಮಾರ್ಚ್ 20ಕ್ಕೇ ಬಿದ್ದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಹಬ್ಬ ಏಪ್ರಿಲ್ 21ಕ್ಕೆ ಹೋಯಿತು, ಶುಭ ಶುಕ್ರವಾರವೂ ದವನದ ಹುಣ್ಣಿಮೆಯೂ ಏಪ್ರಿಲ್ 19ರಂದು ಒಟ್ಟಿಗೇ ಬಂದವು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬು ಹೃದಯದ ವಂದನೆಗಳು. ಪತ್ರವನ್ನು ಅನುಮಾನಿಸಿದ್ದಕ್ಕೆ ಮನಸ್ಸಿಗೆ ಕಸಿವಿಸಿಯಾಗಿತ್ತು, ಈಗ ಸಮಾಧಾನವಾಯಿತು. ಇನ್ನೊಂದು ಸಂದೇಹ: 2038ಕ್ಕೆ ಕ 5, ಚ 29, ಜ 5 ಬಂದು ಏಪ್ರಿಲ್ 25 ಸಿಗುತ್ತಿದೆ. ಚ ಅನ್ನು 28 ಮಾಡಿದರೆ ಜ 6 ಆಗುತ್ತದೆ. ಹಾಗಾದರೆ ಇದನ್ನೂ 18ಕ್ಕೆ ಇಳಿಸಬೇಕೇ?

ಉತ್ತರ 1

ಇಳಿಸಬಾರದು. ಎರಡನೆಯ ವಿನಾಯಿತಿಗೆ ಕ 10ನ್ನು ಮೀರಿರಬೇಕು, ಇಲ್ಲಿ ಅದು 5. 2038ರಲ್ಲಿ ಈಸ್ಟರ್ ಏಪ್ರಿಲ್ 25ಕ್ಕೇ ಬರುತ್ತದೆ. ಇದಕ್ಕೂ ಮೊದಲು ಅಷ್ಟು ತಡವಾಗಿ ಬಂದಿದ್ದುದು 1943ರಲ್ಲಿ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಬೇಕಿದ್ದರೆ ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿ, ಮಾರ್ಚ್ 10 ಸಿಗುತ್ತದೆ.