ಚೈತ್ರಾ ಕೇಳಿದ್ದು ಯಾವ ಮಷೀನ್ ಅಂತ, ನಾವು ಜಗಳ ಆಡಿದ್ದು ಅಜ್ಜಿಯ ಮಷೀನಿಗೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಹೆಸರುಗಳನ್ನು ಬದಲಿಸಿದ್ದೇನೆ. ಹೊಲಿಗೆ ಮಷೀನ್ ತಗೊಳ್ಳಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಹಾಕುತ್ತಿದ್ದೇನೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಪಿಕೋ ಮಾಡಿಕೊಡುತ್ತೇನೆ. ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಮಷೀನ್ ತಗೊಳ್ಳಲು ಹೊರಟ ಹುಡುಗಿಗೆ ಹತ್ತು ಸಾವಿರ ಅಂದರೆ ಎಷ್ಟು ಅಂತ ನನಗೆ ಗೊತ್ತು.

ಚೈತ್ರಾ ನನ್ನ ಚಿಕ್ಕಪ್ಪನ ಮಗಳು. ಕಡೂರಿನಲ್ಲಿ ಬಾಡಿಗೆ ಮನೆ. ಟೈಲರಿಂಗ್ ಕ್ಲಾಸ್ ಮುಗಿಸಿದ್ದಾಳೆ. ‘ಹತ್ತು ಸಾವಿರದೊಳಗೆ ಯಾವ ಮಷೀನ್ ಒಳ್ಳೇದು?’ ಅಂತ ಗುಂಪಿನಲ್ಲಿ ಕೇಳಿದಳು. ಅದಕ್ಕೆ ಉತ್ತರವಾಗಿ ಬಂದದ್ದು ಒಂದು ಫಾರ್ವರ್ಡ್.

ಸರೋಜ ಚಿಕ್ಕಮ್ಮ: ಅಕ್ಕತಂಗಿಯರೇ ಎಚ್ಚರ!! ಈಗ ಅಂಗಡಿಯಲ್ಲಿ ಸಿಗುವ ಕರೆಂಟಿನ ಬಿಳಿ ಹೊಲಿಗೆ ಮಷೀನ್‌ಗಳ ಒಳಗೆ ಬರೀ ಪ್ಲಾಸ್ಟಿಕ್ ಗೇರು. ವಾರಂಟಿ ಮುಗಿದ ಮರುದಿನವೇ ಮುರಿಯುವ ಹಾಗೆ ಕಂಪನಿಯವರೇ ಮಾಡಿರುತ್ತಾರೆ. ಹಳೇ ಕಬ್ಬಿಣದ ಮಷೀನೇ ಗಟ್ಟಿ. ಎಲ್ಲ ಮಹಿಳೆಯರಿಗೂ ಕೇಂದ್ರ ಸರ್ಕಾರದಿಂದ ಉಚಿತ ಮಷೀನ್, ಕೊನೇ ದಿನ ನಾಳೆ. ಕೆಳಗಿನ ಲಿಂಕ್ ಒತ್ತಿ. ಹತ್ತು ಜನಕ್ಕೆ ಕಳಿಸಿ.

ಸರೋಜ ಚಿಕ್ಕಮ್ಮ: ನೋಡಮ್ಮ ಚೈತ್ರಾ. ಬಿಳೀದು ಬೇಡ ಅಂತ ನಾನು ಅವತ್ತೇ ಹೇಳಿದ್ದೆ.

ಪ್ರಸನ್ನ: ಚಿಕ್ಕಮ್ಮ, ಇದನ್ನು ಬರೆದವರು ಯಾರು? ಯಾವ ಮಾಡೆಲ್? ಬಿಚ್ಚಿ ನೋಡಿದವರು ಯಾರು? ಒಂದೂ ಇಲ್ಲವಲ್ಲ.

ಸರೋಜ ಚಿಕ್ಕಮ್ಮ: ನನಗೇನು ಗೊತ್ತಪ್ಪ. ಸಂಘದ ಗುಂಪಿನಲ್ಲಿ ಬಂತು. ಒಳ್ಳೇದಾಗಲಿ ಅಂತ ಕಳಿಸಿದೆ.

ಪ್ರಸನ್ನ: ಕೊರೋನಾ ಟೈಮಲ್ಲಿ ಕಷಾಯದ ಫಾರ್ವರ್ಡ್ ಬಂದಾಗಲೂ ಇದೇ ಮಾತು.

ದೊಡ್ಡಪ್ಪ: ಪ್ರಸನ್ನ, ಆ ಕಷಾಯ ಕಳಿಸಿದ್ದು ನಾನು. ಈಗ ಅದು ಯಾಕೆ ಬಂತು? ದೊಡ್ಡವರ ಹತ್ತಿರ ಮಾತಾಡುವ ರೀತಿ ಇದೇನಾ?

ದೊಡ್ಡಪ್ಪ: ಯಂತ್ರಗಳೇ ಬೇಡ ಅನ್ನುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಮಷೀನ್ ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸುಸ್ತಾಗುವುದನ್ನು ನೋಡಲಾಗದೆ ಸಿಂಗರ್ ಅದನ್ನು ಮಾಡಿದ ಅಂತ ಹೇಳಿದ್ದಾರೆ. ಪ್ರೀತಿಯಿಂದ ಹುಟ್ಟಿದ ಯಂತ್ರ ಅದು. ಈಗಿನವರು ಲಾಭಕ್ಕೆ ಮಾಡುತ್ತಾರೆ, ಅದಕ್ಕೇ ಬಾಳಿಕೆ ಇಲ್ಲ.

ಪ್ರಸನ್ನ: ದೊಡ್ಡಪ್ಪ, ಗಾಂಧೀಜಿ ಹಾಗೆ ಹೇಳಿದ್ದು ನಿಜ. ಆದರೆ ಸಿಂಗರ್‌ಗಿಂತ ಮೊದಲೇ, 1846ರಲ್ಲಿ, ಎಲಿಯಾಸ್ ಹೋವ್ ಪೇಟೆಂಟ್ ತಗೊಂಡಿದ್ದ. ಸಿಂಗರ್ ಪೇಟೆಂಟ್ 1851ರದ್ದು. ಕೋರ್ಟಿನಲ್ಲಿ ಸೋತು ಹೋವ್‌ಗೆ ದುಡ್ಡು ಕಟ್ಟಿದ. ಅಲ್ಲಿದ್ದದ್ದೂ ಲಾಭವೇ.

ದೊಡ್ಡಪ್ಪ: ನಿನಗೆ ಎಲ್ಲದರಲ್ಲೂ ಕೊಂಕು. ನಿಮ್ಮಪ್ಪ ಹೀಗಿರಲಿಲ್ಲ.

ಚೈತ್ರಾ: ದೊಡ್ಡಪ್ಪ, ನಾನು ಕೇಳಿದ್ದು...

ಹರೀಶ ಅಷ್ಟರಲ್ಲಿ ಬಂದ. ಅವನು ರಿಯಾದ್‌ನಲ್ಲಿದ್ದಾನೆ, ಊರಿನ ಮಾತು ಬಂದರೆ ಅವನನ್ನು ತಡೆಯಲು ಆಗಲ್ಲ.

ಹರೀಶ: ಅಜ್ಜಿಯ ಸಿಂಗರ್ ನೆನಪಿದೆಯಾ? ಪೆಡಲ್ ಮೇಲೆ ಕೂತು ಬಸ್ ಓಡಿಸುತ್ತಿದ್ದೆವು. ಪಕ್ಕದ ಡ್ರಾಯರ್‌ನಲ್ಲಿ ಗುಂಡಿ, ಹುಕ್ಕು, ಮುರಿದ ಸೂಜಿ, ಸಾಬೂನಿನ ಚೂರು. ಗೌರಿ ಹಬ್ಬಕ್ಕೆ ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ತಾನಿನ ಬಟ್ಟೆಯ ಲಂಗ.

ಹರೀಶ: ಇಲ್ಲಿ ಸೌದಿಯಲ್ಲಿ 2009ರಲ್ಲಿ ಏನಾಯಿತು ಗೊತ್ತಾ? ಹಳೇ ಸಿಂಗರ್ ಮಷೀನಿನ ಸೂಜಿಯಲ್ಲಿ ಭಾರಿ ಬೆಲೆಬಾಳುವ ‘ಕೆಂಪು ಪಾದರಸ’ ಇದೆ ಅಂತ ಸುದ್ದಿ ಹಬ್ಬಿತು. ಮೊಬೈಲ್ ಹತ್ತಿರ ಹಿಡಿದರೆ ಕಾಲ್ ಕಟ್ ಆಗುತ್ತದೆ, ಅದೇ ಪರೀಕ್ಷೆ ಅಂತ. ಗುಜರಿ ಮಷೀನಿಗೆ ಸಾವಿರಾರು ರಿಯಾಲ್ ಕೊಟ್ಟರು. ಕೊನೆಗೆ ಅದರಲ್ಲಿ ಏನೂ ಇರಲಿಲ್ಲ.

ಪ್ರಸನ್ನ: ಅಲ್ವಾ! ಇದನ್ನೇ ನಾನು ಹೇಳುತ್ತಿರುವುದು.

ಶಾಂತತ್ತೆ: ಅಮ್ಮನ ಮಷೀನ್ ಅಷ್ಟು ನೆನಪಿದ್ದರೆ, ಅದು ಈಗ ಎಲ್ಲಿದೆ ಅಂತಲೂ ಕೇಳು ಹರೀಶ.

ಇಲ್ಲಿಗೆ ಗೇರಿನ ಮಾತು ಮುಗಿಯಿತು. ಅಜ್ಜಿ ಹೋದ ಮೇಲೆ ಮಷೀನನ್ನು ದೊಡ್ಡಪ್ಪ ಶಿವಮೊಗ್ಗಕ್ಕೆ ತಗೊಂಡು ಹೋಗಿದ್ದರು. ಅದು ತನಗೆ ಅಂತ ಅಮ್ಮ ಬಾಯಿಬಿಟ್ಟು ಹೇಳಿದ್ದರು ಅನ್ನುವುದು ಅತ್ತೆಯ ಮಾತು.

ದೊಡ್ಡಪ್ಪ: ಶಾಂತಾ, ಕೊನೇ ದಿನಗಳಲ್ಲಿ ಅಮ್ಮನನ್ನು ನೋಡಿಕೊಂಡವರು ಯಾರು ಅಂತ ಎಲ್ಲರಿಗೂ ಗೊತ್ತು.

ಶಾಂತತ್ತೆ: ಅಣ್ಣ, ನೋಡಿಕೊಂಡದ್ದು ಅತ್ತಿಗೆ. ಆ ಮಷೀನಿನ ಮೇಲೆ ಬಟ್ಟೆ ಹೊದಿಸಿ ಟಿವಿ ಇಟ್ಟಿದ್ದೀರಿ. ಕೊಬ್ಬರಿ ಎಣ್ಣೆ ಬಿಟ್ಟು ಚಕ್ರ ಅಂಟಿಕೊಂಡಿದೆ, ನಾನೇ ನೋಡಿದ್ದೀನಿ. ನನಗೆ ಕೊಟ್ಟಿದ್ದರೆ ನನ್ನ ಮಗಳ ಮದುವೆ ಬ್ಲೌಸ್ ಅದರಲ್ಲೇ ಹೊಲಿಯುತ್ತಿದ್ದೆ.

ದೊಡ್ಡಪ್ಪ: ಮದುವೆಗೆ ಕರೆದ ರೀತಿಯನ್ನೂ ಹೇಳು ಹಾಗಾದರೆ.

ಸರೋಜ ಚಿಕ್ಕಮ್ಮ: ಅಯ್ಯೋ, ಸುಮ್ನೆ ಒಂದು ಮೆಸೇಜ್ ಕಳಿಸಿದ್ದಕ್ಕೆ ಎಲ್ಲಿಂದ ಎಲ್ಲಿಗೆ ಹೋದಿರಿ. ನಾನು ಲಿಂಕ್ ಒತ್ತಿದೆ. ಆಧಾರ್, ಬ್ಯಾಂಕ್ ಖಾತೆ ಕೇಳಿತು, ಕೊಟ್ಟಿದ್ದೀನಿ. ಈಗ ಒಟಿಪಿ ಕೇಳುತ್ತಿದೆ.

ಪ್ರಸನ್ನ: ಚಿಕ್ಕಮ್ಮ ಬೇಡ!! ಒಟಿಪಿ ಹಾಕಬೇಡಿ. ಫೋನ್ ಮಾಡುತ್ತಿದ್ದೀನಿ, ಎತ್ತಿ.

ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಅಷ್ಟು ಜನ ಮಾತಾಡಿದೆವು, ಫಾರ್ವರ್ಡ್‌ನ ಕೊನೇ ಎರಡು ಸಾಲನ್ನು ಯಾರೂ ಓದಿರಲಿಲ್ಲ. ಮೂಲ ಕೇಳಿದ ಪ್ರಸನ್ನನೂ ಓದಿರಲಿಲ್ಲ. ಪ್ಲಾಸ್ಟಿಕ್ ಗೇರಿನ ಭಯ ಹುಟ್ಟಿಸಿ, ಅದರ ಹಿಂದೆಯೇ ಪುಕ್ಕಟೆ ಮಷೀನಿನ ಆಸೆ ತೋರಿಸಿದ್ದಾರೆ. ಚಿಕ್ಕಮ್ಮ ಆವತ್ತೇ ಬ್ಯಾಂಕಿಗೆ ಫೋನ್ ಮಾಡಿ ತಿಳಿಸಿದರು, ದುಡ್ಡು ಹೋಗಲಿಲ್ಲ. ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕಿತ್ತು, ಸೈಬರ್ ವಂಚನೆಗೆ ಇರುವ ನಂಬರ್ ಅದು.

ಎಲ್ಲ ಮಹಿಳೆಯರಿಗೂ ಪುಕ್ಕಟೆ ಮಷೀನ್ ಕೊಡುವ ಕೇಂದ್ರ ಯೋಜನೆ ಇಲ್ಲ. ಕೇಂದ್ರ ಸರ್ಕಾರದ ಸುದ್ದಿ ವಿಭಾಗವಾದ ಪಿಐಬಿಯವರು ಇದು ಸುಳ್ಳು ಅಂತ ಹಲವು ಸಲ ಹೇಳಿದ್ದಾರೆ. ಇರುವುದು ಕೈಕಸುಬಿನವರಿಗಾಗಿ ಪಿಎಂ ವಿಶ್ವಕರ್ಮ ಯೋಜನೆ, 2023ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. ಅದರ 18 ಕಸುಬುಗಳಲ್ಲಿ ಟೈಲರಿಂಗ್ ಒಂದು. ಸಾಮಾನು ತಗೊಳ್ಳಲು 15,000 ರೂಪಾಯಿವರೆಗೆ ಇ-ವೋಚರ್ ಸಿಗುತ್ತದೆ. ಆದರೆ ಆ ಕಸುಬನ್ನೇ ಮಾಡುತ್ತಿರಬೇಕು, ಮನೆಗೆ ಒಬ್ಬರಿಗೆ ಮಾತ್ರ. ಸೇವಾ ಕೇಂದ್ರಕ್ಕೆ ಹೋಗಿ ನೋಂದಾಯಿಸಬೇಕು, ವಾಟ್ಸಾಪ್ ಲಿಂಕಿನಲ್ಲಿ ಅಲ್ಲ.

ಇದನ್ನೆಲ್ಲ ಗುಂಪಿನಲ್ಲಿ ಹಾಕಿದ ಮೇಲೆ ಚೈತ್ರಾಗೆ ಬರೆದೆ.

ನಾನು: ಚೈತ್ರಾ, ಗೇರು ಆಮೇಲೆ. ಏನು ಹೊಲಿಯುತ್ತೀಯ? ಕೆಟ್ಟರೆ ಕಡೂರಿನಲ್ಲಿ ಅದನ್ನು ರಿಪೇರಿ ಮಾಡುವವರು ಯಾರು? ಎರಡು ಹೇಳು.

ಚೈತ್ರಾ: ಬ್ಲೌಸ್ ಅಕ್ಕ, ದಿನಾ. ಚೂಡಿದಾರ್ ಸ್ವಲ್ಪ. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬರು ರಿಪೇರಿ ಮಾಡುತ್ತಾರೆ. ಅವರು ಕಾಲಲ್ಲಿ ತುಳಿಯುವ ಕಬ್ಬಿಣದ ಕಪ್ಪು ಮಷೀನ್ ಮಾತ್ರ ಮುಟ್ಟುತ್ತಾರಂತೆ.

ನಾನು: ಹಾಗಾದರೆ ಅಲ್ಲಿಗೇ ಉತ್ತರ ಸಿಕ್ಕಿತು.

ಬ್ಲೌಸಿಗೆ ಬೇಕಾದ್ದು ನೇರ ಹೊಲಿಗೆ. ಅದಕ್ಕೆ ಕಪ್ಪು ಮಷೀನಿನಷ್ಟು ಸುಲಭದ್ದು ಇನ್ನೊಂದಿಲ್ಲ. ನಮ್ಮಲ್ಲಿ ಸಿಗುವ ಬಹಳಷ್ಟು ಕಪ್ಪು ಮಷೀನ್‌ಗಳು, ಕಂಪನಿ ಯಾವುದೇ ಇರಲಿ, ಲುಧಿಯಾನದಲ್ಲಿ ಮಾಡಿದ್ದೇ ಇರಲಿ, ಸಿಂಗರ್‌ನ ಹಳೇ 15ನೇ ನಮೂನೆಯನ್ನೇ ಅನುಸರಿಸುತ್ತವೆ. ಅದಕ್ಕೇ ಒಂದರ ಬಾಬಿನ್ ಕೇಸು (ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ), ಸೂಜಿ ಇನ್ನೊಂದಕ್ಕೆ ಹೊಂದುತ್ತದೆ, ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಬಾಳಿಕೆಗೆ ನಿಜವಾದ ಕಾರಣ ಇದು. ಕಬ್ಬಿಣವೂ ಸವೆಯುತ್ತದೆ, ಆದರೆ ಸವೆದದ್ದನ್ನು ಬದಲಿಸಬಹುದು. ದಿನಾ ಹೊಲಿಯುವವರು ಟೈಲರ್ ಮಾಡೆಲ್ ನೋಡಬೇಕು. ದಾರ ಎಳೆಯುವ ಕೈ ಅದರಲ್ಲಿ ಲಿಂಕ್ ಅನ್ನುವ ಕೀಲಿನ ಮೇಲೆ ಆಡುತ್ತದೆ, ಜೋರಾಗಿ ಓಡಿಸಿದರೂ ತಡೆದುಕೊಳ್ಳುತ್ತದೆ. ಮೋಟರ್ ಆಮೇಲೆ ಹಾಕಿಸಬಹುದು. ಕರೆಂಟ್ ಹೋದರೆ ಕಾಲಿದೆ.

ಬಿಳಿ ಮಷೀನ್ ಮೋಸ ಅನ್ನುವುದನ್ನು ನಾನು ಒಪ್ಪಲ್ಲ. ನನ್ನ ಹತ್ತಿರ ಎರಡೂ ಇವೆ. ಜಿಗ್‌ಜಾಗ್, ಗುಂಡಿ ಕಾಜ, ಹಿಗ್ಗುವ ಬಟ್ಟೆ, ಇದೆಲ್ಲ ಕಪ್ಪು ಮಷೀನಿನಲ್ಲಿ ಆಗಲ್ಲ. ಕೆಲವು ಮಾಡೆಲ್‌ಗಳಲ್ಲಿ ನೈಲಾನ್ ಗೇರು ಇರುವುದು ನಿಜ. ಅದು ಸದ್ದು ಮಾಡಲ್ಲ, ಎಣ್ಣೆ ಕೇಳಲ್ಲ. ಕೆಳಗೆ ದಾರ ಸಿಕ್ಕಿ ಬಿಗಿದಾಗ ಪೆಡಲ್ ಒತ್ತುತ್ತಲೇ ಇದ್ದರೆ ಅದರ ಹಲ್ಲು ಹೋಗುತ್ತದೆ. ಆ ಗೇರು ಹತ್ತಿರದಲ್ಲಿ ಸಿಕ್ಕರೆ ಸಣ್ಣ ರಿಪೇರಿ, ಸಿಗದಿದ್ದರೆ ಮಷೀನೇ ಮೂಲೆಗೆ. ಆದ್ದರಿಂದ ಸರ್ವಿಸ್ ಇರುವ ದೊಡ್ಡ ಊರಿನವರು, ವಾರಕ್ಕೊಮ್ಮೆ ಮನೆ ಬಟ್ಟೆ ಹೊಲಿಯುವವರು ಅದನ್ನೇ ತಗೊಳ್ಳಲಿ. ನಾನು ಯಾರಿಗೂ ತಗೊಳ್ಳಿ ಅಂತ ಹೇಳದ್ದು ಒಂದೇ, ಆನ್‌ಲೈನ್‌ನಲ್ಲಿ ಬರುವ, ಕೈಯಲ್ಲಿ ಹಿಡಿಯುವ ಸ್ಟೇಪ್ಲರ್ ಥರದ ಮಷೀನ್. ಅದರದ್ದು ಒಂಟಿ ದಾರದ ಚೈನ್ ಹೊಲಿಗೆ. ತುದಿ ಹಿಡಿದು ಎಳೆದರೆ ಅಕ್ಕಿ ಮೂಟೆಯ ಬಾಯಿ ಬಿಚ್ಚಿದ ಹಾಗೆ ಇಡೀ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಚೈತ್ರಾ: ಅಂಗಡಿಯಲ್ಲಿ ಏನು ನೋಡಲಿ ಅಕ್ಕ?

ನಾನು: ನಿನ್ನದೇ ಬಟ್ಟೆ ತಗೊಂಡು ಹೋಗು. ಬ್ಲೌಸಿನ ಲೈನಿಂಗ್, ರೇಷ್ಮೆ ಚೂರು, ಹಳೇ ಜೀನ್ಸ್. ಮೊದಲು ಚಕ್ರ ಕೈಯಲ್ಲಿ ನಿಧಾನ ತಿರುಗಿಸು, ಎಲ್ಲೂ ತಡೆಯಬಾರದು. ಸೂಜಿ ಕಂಬಿ ಹಿಡಿದು ಅಲ್ಲಾಡಿಸು, ಆಡಬಾರದು. ಲೈನಿಂಗ್‌ನಲ್ಲಿ ಹೊಲಿದು ಹಿಂದೆ ತಿರುಗಿಸಿ ನೋಡು. ಕೆಳಗೆ ಕುಣಿಕೆ ಕುಣಿಕೆಯಾಗಿ ಬಂದರೆ ಮೇಲಿನ ದಾರ ಸಡಿಲ, ಬಿಗಿ ಮಾಡಿಸಿ ಮತ್ತೆ ಹೊಲಿ. ಸರಿ ಹೋಗದಿದ್ದರೆ ಆ ಮಷೀನ್ ಬೇಡ. ರೇಷ್ಮೆಗೆ 11ನೇ ನಂಬರ್ ಸೂಜಿ, ಜೀನ್ಸಿಗೆ 16. ಮಷೀನ್ ಎಣ್ಣೆ ಬಾಟಲಿ ಕೇಳಿ ತಗೋ. ಕೊಬ್ಬರಿ ಎಣ್ಣೆ ಬಿಡಲೇಬೇಡ, ಒಣಗಿ ಅಂಟಾಗುತ್ತದೆ.

ದೊಡ್ಡಪ್ಪ: ಅಂಟಾದದ್ದು ಬಿಡಿಸಲು ಆಗುತ್ತದಾ ಸವಿತಾ?

ನಾನು: ಆಗುತ್ತದೆ ದೊಡ್ಡಪ್ಪ. ರಿಪೇರಿಯವರು ಸೀಮೆಎಣ್ಣೆ ಬಿಟ್ಟು ತೊಳೆಯುತ್ತಾರೆ. ಅಜ್ಜಿಯ ಮಷೀನಿನ ಶಟಲ್, ಅಂದರೆ ಕೆಳಗಿನ ದಾರ ಕೂರುವ ಭಾಗದ ಫೋಟೋ ಕಳಿಸಿ. ಬಾಬಿನ್ ದುಂಡಗಿದ್ದರೆ ಸಾಮಾನು ಸಿಗುತ್ತದೆ, ದೋಣಿ ಥರ ಉದ್ದಕ್ಕಿದ್ದರೆ ಹುಡುಕಬೇಕು.

ಫೋಟೋ ಬಂತು. ದುಂಡಗಿನ ಬಾಬಿನ್.

ಶಾಂತತ್ತೆ: ರಿಪೇರಿ ಮಾಡಿಸಿ. ಆದರೆ ಯಾರ ಮನೆಗೆ ಹೋಗಬೇಕು ಅನ್ನುವುದು ಆಮೇಲೆ ಎಲ್ಲರೂ ಕೂತು ಮಾತಾಡೋಣ.

ದೊಡ್ಡಪ್ಪ ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಚೈತ್ರಾ ಮುಂದಿನ ವಾರವೇ ಸ್ಟ್ಯಾಂಡ್ ಸಮೇತ ಟೈಲರ್ ಮಾಡೆಲ್ ತಗೊಂಡಳು. ಕೂಡಿಟ್ಟ ದುಡ್ಡಿನೊಳಗೇ ಆಯಿತು, ಮೋಟರ್ ಸದ್ಯಕ್ಕೆ ಬೇಡ ಅಂದಳು. ನಿನ್ನೆ ಅವಳ ಮೆಸೇಜ್ ಬಂದಿತ್ತು.

ಚೈತ್ರಾ: ಅಕ್ಕ, ಕೆಳಗೆ ದಾರ ಗಂಟಾಗುತ್ತಿದೆ. ಮಷೀನ್ ಕೆಟ್ಟಿತಾ?

ನಾನು: ಕೆಟ್ಟಿಲ್ಲ. ಬಟ್ಟೆ ಒತ್ತಿ ಹಿಡಿಯುವ ಫುಟ್ ಮೇಲೆತ್ತಿ, ಮೇಲಿನ ದಾರ ಪೂರ್ತಿ ತೆಗೆದು ಮತ್ತೆ ಪೋಣಿಸು. ಫುಟ್ ಇಳಿಸಿ ಪೋಣಿಸಿದರೆ ದಾರ, ಅದನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರಲ್ಲ. ಶುರು ಮಾಡುವಾಗ ಎರಡೂ ದಾರದ ತುದಿ ಹಿಂದಕ್ಕೆ ಹಿಡಿದುಕೋ.

ಚೈತ್ರಾ: ಸರಿಯಾಯಿತು ಅಕ್ಕ. ಪಕ್ಕದ ಮನೆಯವರದ್ದು ಎರಡು ಬ್ಲೌಸ್ ಬಂದಿವೆ.