ಪದಚರ್ಚೆ: ಸ್ಲೈಡರ್ ಎಳೆದರೆ ಬದಲಾಗುವ ನಕ್ಷೆ ‘ಸಂವಾದಾತ್ಮಕ’ವೇ?

ಗೆಳೆಯರೇ,

ಪಿಯುಸಿ ಮಕ್ಕಳಿಗೆಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ‘ಇಂಟರಾಕ್ಟಿವ್’ ಅಡ್ಡ ಬಂತು. ವಾಡಿಕೆಯಂತೆ ‘ಸಂವಾದಾತ್ಮಕ ದೃಶ್ಯೀಕರಣ’ ಎಂದು ಬರೆದೆ. ಓದಿದ ಮಗಳು ‘ಇದು ಮಾತಾಡತ್ತಾ?’ ಅಂದಳು. ಸಂವಾದ ಎಂದರೆ ನಮ್ಮ ಕಿವಿಗೆ ಮಾತುಕತೆಯೇ. ಸ್ಲೈಡರ್ ಎಳೆದಾಗ ಗೆರೆ ಏರಿಳಿಯುವುದರಲ್ಲಿ ಮಾತೆಲ್ಲಿದೆ? ‘ಅಂತರ್‌ಕ್ರಿಯಾತ್ಮಕ’ವನ್ನು ಬಾಯಿಬಿಟ್ಟು ಹೇಳಿದವರನ್ನು ನಾನಂತೂ ಕಂಡಿಲ್ಲ. ‘ಸ್ಪಂದಿಸುವ’ ಹಿತವಾಗಿದೆ, ಆದರೆ ಅದನ್ನು ಪರದೆಯ ಅಳತೆಗೆ ಹೊಂದಿಕೊಳ್ಳುವ ಪುಟಕ್ಕೆ ಆಗಲೇ ಬಳಸುತ್ತಿದ್ದೇವೆ.

ನಿಜವಾದ ತೊಡಕು ಬೇರೆಯೇ ಇದೆ. ಆ ಇಂಗ್ಲಿಷ್ ಪದದ ಮರೆಯಲ್ಲಿ ಎರಡು ಕೆಲಸಗಳಿವೆ. ಪೈಥಾನಿನಲ್ಲಿ ನಕ್ಷೆ ಬಿಡಿಸಲು ಬಳಸುವ ಬೊಕೆ ಲೈಬ್ರರಿಯನ್ನೇ (ಸಿದ್ಧ ಕೋಡಿನ ಕಟ್ಟು) ನೋಡಿ. ನಕ್ಷೆಯನ್ನು ನಾವು ಪೈಥಾನಿನಲ್ಲಿ ಬರೆದರೂ ಬ್ರೌಸರಿಗೆ ತಲುಪುವುದು ಅದರ ವಿವರಣೆ ಮಾತ್ರ. ಅಲ್ಲಿ ಚಿತ್ರ ಬಿಡಿಸುವುದು ಬ್ರೌಸರಿನದೇ ಭಾಷೆಯಾದ ಜಾವಾಸ್ಕ್ರಿಪ್ಟ್. ಹಿಗ್ಗಿಸುವುದು, ಪಕ್ಕಕ್ಕೆ ಸರಿಸುವುದು ಅಷ್ಟರಲ್ಲೇ ಆಗುತ್ತದೆ. ಆದರೆ ದಿನವಹಿ ಮಳೆಯ ಅಂಕಿಗಳಿಗೆ 7 ದಿನದ ಸರಾಸರಿ ತೆಗೆದವರು ಸ್ಲೈಡರನ್ನು 30ಕ್ಕೆ ಎಳೆದರೆ ಲೆಕ್ಕವೇ ಮೊದಲಿಂದ ಆಗಬೇಕು. ಅದನ್ನು ಪೈಥಾನೇ ಮಾಡಬೇಕೆಂದರೆ ಎಲ್ಲೋ ಒಂದು ಸರ್ವರ್ ಎಚ್ಚರವಾಗಿರಬೇಕಿತ್ತು. ಈಗ ಪೈಯೋಡೈಡ್‌ನಿಂದ ಆ ಹಂಗು ತಪ್ಪಿದೆ. 2018ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ತಯಾರಕ ಮೊಜಿಲ್ಲಾದಲ್ಲಿ ಶುರುವಾದ ಈ ಯೋಜನೆ, ಪೈಥಾನನ್ನು ನಡೆಸುವ ಮೂಲ ತಂತ್ರಾಂಶವಾದ ಸಿಪೈಥಾನನ್ನೇ, ಬ್ರೌಸರು ನಡೆಸಬಲ್ಲ ಸಂಕೇತವಾದ ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಿ ಬ್ರೌಸರಿನೊಳಗೆ ಕೂರಿಸುತ್ತದೆ. ನಮ್‌ಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಮುಂತಾದ ಲೆಕ್ಕದ, ನಕ್ಷೆಯ ಲೈಬ್ರರಿಗಳೆಲ್ಲವೂ ಬೆನ್ನಿಗೇ ಬರುತ್ತವೆ. ಮೊದಲ ಸಲ ಹಲವು ಎಂಬಿ ಇಳಿಯುವವರೆಗೆ ಕಾಯಬೇಕು ಅಷ್ಟೆ. ಆಮೇಲಿನ ಲೆಕ್ಕವೆಲ್ಲ ಓದುಗರ ಕಂಪ್ಯೂಟರಿನಲ್ಲೇ.

ಅಂದರೆ ಒಂದರಲ್ಲಿ ಬದಲಾಗುವುದು ನೋಟ, ಇನ್ನೊಂದರಲ್ಲಿ ಲೆಕ್ಕ. ಎರಡಕ್ಕೂ ‘ಸಂವಾದಾತ್ಮಕ’ ಎಂದರೆ ಮಕ್ಕಳಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ.

ನನಗೆ ಹೊಳೆದದ್ದು ಅಡುಗೆಮನೆಯ ಪದ: ಕೈಯಾಡಿಸು. ರವೆ ಹುರಿಯುವಾಗ ‘ಕೈಯಾಡಿಸ್ತಾ ಇರು’ ಅನ್ನುತ್ತೇವಲ್ಲ, ಅದು. ಕೈಯಾಡಿಸಿದರೆ ಬಾಣಲೆಯಲ್ಲಿರುವುದು ಬದಲಾಗುತ್ತದೆ, ಸುಮ್ಮನೆ ನೋಡುತ್ತಾ ನಿಂತರೆ ಸೀಯುತ್ತದೆ. ಹಾಗಾಗಿ ಲೆಕ್ಕ ಬದಲಾಗುವಂಥದ್ದಕ್ಕೆ ‘ಕೈಯಾಡಿಸುವ ನಕ್ಷೆ’, ಬರೀ ಹಿಗ್ಗಿಸಿ ನೋಡುವಂಥದ್ದಕ್ಕೆ ‘ಹಿಗ್ಗಿಸುವ ನಕ್ಷೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಅಳುಕು ಒಂದೇ: ‘ಬೇರೆಯವರ ವ್ಯವಹಾರದಲ್ಲಿ ಕೈಯಾಡಿಸಿದ’ ಎನ್ನುವಾಗ ಈ ಪದಕ್ಕೆ ಕೆಟ್ಟ ವಾಸನೆಯೂ ಇದೆ. ಅಂಕಿಅಂಶದ ಪಕ್ಕದಲ್ಲಿ ಅದು ಬಂದರೆ ಅಂಕಿಗಳನ್ನು ತಿರುಚಿದ ಹಾಗೆ ಕೇಳಿಸೀತೇ?

(ಪ್ರೋಗ್ರಾಮ್ ‘ರನ್’ ಆಗುತ್ತದೆ ಎನ್ನುವಾಗಿನ ‘ರನ್’ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಸಿನಿಮಾ ಓಡುತ್ತದೆ, ಗಿರಣಿ ನಡೆಯುತ್ತದೆ, ಹಾವು ಹರಿಯುತ್ತದೆ. ಹೆಬ್ಬಾವಿನ ಹೆಸರಿನ ಭಾಷೆ ‘ಬ್ರೌಸರಿನಲ್ಲೇ ಹರಿಯುತ್ತದೆ’ ಎಂದು ಬರೆಯುವ ಆಸೆಯಾಯಿತು. ತಡೆದುಕೊಂಡು ‘ನಡೆಯುತ್ತದೆ’ ಎಂದಿಟ್ಟೆ.)

‘ನಕ್ಷೆ’ ಎಂದರೆ ಮ್ಯಾಪೋ ಗ್ರಾಫೋ ಎಂಬ ಹಳೆಯ ಜಗಳವನ್ನು ಈಗ ಬೇಡ ಅನ್ನೋಣ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರಿಗೆ ‘ಕೈಯಾಡಿಸು’ ಎಂದೊಡನೆ ಮೊದಲು ನೆನಪಾಗುವುದು ಬಾಣಲೆಯೋ, ತಂಟೆಯೋ? ಅಲ್ಲಿ ಇದಕ್ಕಿಂತ ಒಳ್ಳೆಯ ಮಾತಿದ್ದರೆ ತಿಳಿಸಿ, ಟಿಪ್ಪಣಿ ಇನ್ನೂ ಅಚ್ಚಿಗೆ ಹೋಗಿಲ್ಲ.